ಎಡಗಡೆ ಕೂತವನು

ಕೆಲಸದ ಮೇಲೆ ಮೂರು ತಿಂಗಳು ಬಾಸೆಲ್‌ನಲ್ಲಿದ್ದೆ. ಸ್ವಿಟ್ಜರ್ಲೆಂಡಿನ ಆ ಊರಲ್ಲಿ ಭಾನುವಾರ ಬಂತೆಂದರೆ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡು ಕೂರುತ್ತವೆ. ಹಾಗೊಂದು ಭಾನುವಾರ ರೂಮಿನಲ್ಲಿ ಕೂತು ಬೇಜಾರಾಗಿ ಟ್ರೈನ್ ಹತ್ತಿದೆ. ಸುಮಾರು ಅರ್ಧ ಗಂಟೆಯಲ್ಲಿ ಗಡಿ ದಾಟಿ ಫ್ರಾನ್ಸಿನ ಮುಲೂಸ್ ತಲುಪಿದ್ದೆ. ಅಲ್ಲಿ ಹಳೇ ಉಣ್ಣೆ ಗಿರಣಿಯೊಂದನ್ನು ಕಾರುಗಳ ಮ್ಯೂಸಿಯಂ ಮಾಡಿದ್ದಾರೆ. ಒಳಗೆ 400ಕ್ಕೂ ಜಾಸ್ತಿ ಕಾರುಗಳು. ಅದರಲ್ಲಿ ನೂರಕ್ಕೂ ಮೀರಿ ಬರೀ ಬುಗಾಟಿ.

ಕಾರಿನ ಹುಚ್ಚು ನನಗೇನೂ ಇರಲಿಲ್ಲ. ಟಿಕೆಟ್ಟಿಗೆ ಕೊಟ್ಟ ದುಡ್ಡು ದಂಡವಾಗಬಾರದು ಅಂತ ನೋಡುತ್ತಾ ಹೋದೆ. ನೀಲಿ ಬಣ್ಣದ ಒಂದು ಕಾರಿನ ಮುಂದೆ ಮಾತ್ರ ಕಾಲು ನಿಂತುಬಿಟ್ಟಿತು. ಬುಗಾಟಿ ಟೈಪ್ 35. 1924ರಲ್ಲಿ ರೇಸಿಗೆ ಇಳಿದ ಗಾಡಿ. ಎಂಟು ಸಿಲಿಂಡರ್, ಎರಡು ಲೀಟರ್ ಎಂಜಿನ್. ಮುಂದೆ ಕುದುರೆ ಲಾಳದ ಆಕಾರದ ರೇಡಿಯೇಟರ್, ಹಿಂದೆ ಮೀನಿನ ಬಾಲದ ಹಾಗೆ ಚೂಪಾಗುವ ಮೈ. ಚಕ್ರಗಳಿಗೆ ಸೈಕಲ್ಲಿನ ತಂತಿ ಕಡ್ಡಿಗಳಿಲ್ಲ. ಎಂಟು ಚಪ್ಪಟೆ ಪಟ್ಟಿಗಳಿರುವ, ಎರಕ ಹೊಯ್ದ ಅಲ್ಯೂಮಿನಿಯಂ ಚಕ್ರಗಳು. ಎಷ್ಟು ಪುಟ್ಟದಾಗಿತ್ತು ಅಂದರೆ, ಯಾರೂ ನೋಡದಿದ್ದರೆ ಎತ್ತಿಕೊಂಡು ಹೋಗಬಹುದೇನೋ ಅನ್ನಿಸಿತು.

ಫೋಟೋ ತೆಗೆದು ನಮ್ಮ ಸೋದರಮಾವನಿಗೆ ವಾಟ್ಸಾಪ್ ಮಾಡಿದೆ. ಊರಿನಲ್ಲಿ ಸಂಜೆಯಾಗಿತ್ತು. ಐದು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು.

"ಗಾಡಿ ಚೆನ್ನಾಗೈತೆ ಕಣೋ. ಕ್ಲೀನರ್ ಎಲ್ಲಿ ಕೂತ್ಕೋತಾನೆ?"

ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಫ್ರೆಂಚ್ ದಂಪತಿ ತಿರುಗಿ ನೋಡಿದರು. ರೇಸ್ ಕಾರಿಗೆ ಕ್ಲೀನರ್! ಆದರೂ ಹಗ್ಗದ ಮೇಲಿಂದ ಬಗ್ಗಿ ಒಳಗೆ ನೋಡಿದೆ. ಸ್ಟೀರಿಂಗ್ ಬಲಗಡೆ ಇತ್ತು. ಅದರ ಎಡಗಡೆ, ಒಬ್ಬ ಸಣಕಲ ಮನುಷ್ಯ ಮೈ ಹಿಡಿ ಮಾಡಿಕೊಂಡು ಕೂರುವಷ್ಟು ಒಂದು ಸೀಟು. ಅದರ ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಕೈಯಲ್ಲಿ ಒತ್ತುವ ಒಂದು ಪಂಪು.

ಮಾವ ಕೇಳಿದ್ದು ಸರಿಯಾಗಿಯೇ ಇತ್ತು. ಈ ಕಾರಿಗೆ ಕ್ಲೀನರ್ ಇದ್ದ.

ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಎಪ್ಪತ್ತರ ದಶಕದಲ್ಲಿ ಅವರು ಆರು ವರ್ಷ ಲಾರಿ ಕ್ಲೀನರ್ ಆಗಿದ್ದರು. ಚಿಕ್ಕಮಗಳೂರಿಂದ ಮಂಗಳೂರಿಗೆ ಕಾಫಿ ಮೂಟೆ, ವಾಪಸ್ ಬರುವಾಗ ಹಂಚು. ದಾರಿಯಲ್ಲಿ ಚಾರ್ಮಾಡಿ ಘಾಟಿ. ಬೆಳಗ್ಗೆ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವುದು, ರೇಡಿಯೇಟರಿಗೆ ನೀರು ಹೊಯ್ಯುವುದು, ರಾಡಿನಿಂದ ಟಯರ್ ಬಡಿದು ಗಾಳಿ ಸರಿಯಿದೆಯಾ ಅಂತ ಸದ್ದಿನಲ್ಲೇ ಹೇಳುವುದು, ಏರಿನಲ್ಲಿ ಗಾಡಿ ನಿಂತರೆ ಮರದ ತುಂಡು ಹಿಡಿದು ಜಿಗಿದು ಹಿಂದಿನ ಚಕ್ರಕ್ಕೆ ಕೊಡುವುದು. ಇದೆಲ್ಲಾ ಅವರ ಕೆಲಸ. ತಿರುವಿನಲ್ಲಿ ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ಎಡಗಡೆ ಎಷ್ಟು ಜಾಗ ಇದೆ ಅಂತ ನೋಡಬೇಕು. ಗಾಡಿಯ ಮೈಗೆ ಒಂದು ಸಲ ತಟ್ಟಿದರೆ ನಿಲ್ಲು, ಎರಡು ಸಲ ತಟ್ಟಿದರೆ ಹೋಗು. ಡ್ರೈವರ್ ಹೆಸರು ಲಾರಿ ಮಾಲೀಕರ ಪುಸ್ತಕದಲ್ಲಿರುತ್ತಿತ್ತು. ಕ್ಲೀನರ್ ಹೆಸರು ಇರುತ್ತಿರಲಿಲ್ಲ, 'ಕ್ಲೀನರ್ ಬಾಟಾ' ಅಂತ ಒಂದು ಲೆಕ್ಕ ಮಾತ್ರ.

ಆ ರಾತ್ರಿ ರೂಮಿಗೆ ಬಂದವನು ಓದಲು ಶುರು ಮಾಡಿದೆ. ಮೂರು ತಿಂಗಳು ಮುಗಿಯುವವರೆಗೂ ಓದುತ್ತಲೇ ಇದ್ದೆ.

ಮೊದಲಿನ ಕಾಲದ ರೇಸ್ ಕಾರುಗಳಲ್ಲಿ ಇಬ್ಬರು ಕೂರುತ್ತಿದ್ದರು. ಒಬ್ಬ ಓಡಿಸುವವನು, ಇನ್ನೊಬ್ಬ ಮೆಕ್ಯಾನಿಕ್. ಸುಮ್ನೆ ಜೊತೆಗೆ ಕೂರುವ ಕೆಲಸ ಅದಾಗಿರಲಿಲ್ಲ. ಆಗಿನ ಎಷ್ಟೋ ಎಂಜಿನ್‌ಗಳಿಗೆ ಎಣ್ಣೆಯನ್ನು ಕೈಯಲ್ಲೇ ಪಂಪ್ ಮಾಡಬೇಕಿತ್ತು. ಪೆಟ್ರೋಲ್ ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಇಳಿದರೆ ಎಂಜಿನ್ನಿಗೆ ಪೆಟ್ರೋಲ್ ಹೋಗದು, ಅದಕ್ಕೂ ಕೈ ಪಂಪು. ನಾನು ಮುಲೂಸ್‌ನಲ್ಲಿ ನೋಡಿದ್ದು ಅದನ್ನೇ. ಜೊತೆಗೆ ಹಿಂದೆ ತಿರುಗಿ ನೋಡುತ್ತಾ, ಯಾರಾದರೂ ಹತ್ತಿರ ಬಂದರೆ ಡ್ರೈವರಿನ ಭುಜ ತಟ್ಟಬೇಕು. ಎಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲವಲ್ಲ. ತಿರುವಿನಲ್ಲಿ ಗಾಡಿ ಮಗುಚದ ಹಾಗೆ ಮೈಯನ್ನು ಹೊರಗೆ ಚಾಚಬೇಕು. ಬಾಗಿಲಿಲ್ಲ, ಗಾಜಿಲ್ಲ, ಬೆಲ್ಟಿಲ್ಲ. ಡ್ರೈವರನಿಗಾದರೂ ಹಿಡಿದುಕೊಳ್ಳಲು ಸ್ಟೀರಿಂಗ್ ಇರುತ್ತಿತ್ತು.

1906ರ ಜೂನ್ 26 ಮತ್ತು 27ರಂದು ಫ್ರಾನ್ಸಿನ ಲೆ ಮಾನ್ ಊರಿನ ಹೊರಗೆ ಗ್ರ್ಯಾನ್ ಪ್ರಿ ಎಂಬ ದೊಡ್ಡ ಕಾರ್ ರೇಸ್ ಮೊದಲ ಸಲ ನಡೆಯಿತು. ಈಗಿನ ಲೆ ಮಾನ್ ಟ್ರ್ಯಾಕ್ ಬೇರೆ. ಆಗ ಊರೂರಿನ ರಸ್ತೆಗಳನ್ನೇ ಸೇರಿಸಿ 103 ಕಿಲೋಮೀಟರಿನ ಒಂದು ಸುತ್ತು ಮಾಡಿದ್ದರು. ದಿನಕ್ಕೆ ಆರು ಸುತ್ತಿನಂತೆ ಎರಡು ದಿನಕ್ಕೆ ಹನ್ನೆರಡು ಸುತ್ತು. ಒಟ್ಟು 1,238 ಕಿಲೋಮೀಟರ್. ಹೊರಟಿದ್ದು 32 ಕಾರು, ಮುಗಿಸಿದ್ದು 11.

ಧೂಳು ಏಳದಿರಲಿ ಅಂತ ರಸ್ತೆಗೆ ಟಾರು ಹೊಯ್ದಿದ್ದರು. ಬಿಸಿಲಿಗೆ ಆ ಟಾರು ಕರಗಿತು. ಮುಂದಿನ ಕಾರಿನ ಚಕ್ರದಿಂದ ಚಿಮ್ಮಿದ ಬಿಸಿ ಟಾರು ಹಿಂದಿನವರ ಮುಖಕ್ಕೆ ಬೀಳುತ್ತಿತ್ತು. ರೆನೋ ಕಂಪನಿಯ ಎದ್ಮಾಂ ಎಂಬ ಡ್ರೈವರನ ಕನ್ನಡಕ ಒಡೆದು ಟಾರು ನೇರ ಕಣ್ಣಿಗೇ ಹೋಯಿತು. ಬೇರೆ ಕನ್ನಡಕ ಹಾಕಿಕೊಳ್ಳುತ್ತೇನೆ ಅಂದರೆ ರೇಸಿನ ಅಧಿಕಾರಿಗಳು ಬಿಡಲಿಲ್ಲ. ನಡುವೆ ಸಾಮಾನು ಬದಲಾಯಿಸುವ ಹಾಗಿಲ್ಲವಂತೆ! ಬೇರೆ ಡ್ರೈವರನ್ನೂ ಕೂರಿಸುವ ಹಾಗಿಲ್ಲ. ಆತ ಹೆಚ್ಚುಕಮ್ಮಿ ಕುರುಡನಾಗಿ ಇನ್ನೆರಡು ಸುತ್ತು ಓಡಿಸಿ ಆಮೇಲೆ ಕೈಬಿಟ್ಟ. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್‌ನ ಕಥೆ ಯೋಚಿಸಿ. ತಾನು ಕೂತ ಗಾಡಿ ಓಡಿಸುವವನಿಗೆ ಕಣ್ಣು ಕಾಣುತ್ತಿಲ್ಲ ಅಂತ ಅವನಿಗೆ ಗೊತ್ತು. ಎರಡು ಸುತ್ತು ಅಂದರೆ 200 ಕಿಲೋಮೀಟರಿಗೂ ಮೇಲೆ!

ಆ ರೇಸ್ ಗೆದ್ದವನು ಫೆರೆಂಟ್ಸ್ ಸಿಸ್. ಹಂಗೇರಿಯವನು, ರೆನೋ ಕಂಪನಿಯಲ್ಲಿ ಕೆಲಸಕ್ಕಿದ್ದ. ಅವನ ಕಾರಿನ ಎಂಜಿನ್ 13 ಲೀಟರಿನದು, ಅದೂ ನಾಲ್ಕೇ ಸಿಲಿಂಡರಿನಲ್ಲಿ. ಈಗಿನ ದೊಡ್ಡ ಲಾರಿಯ ಎಂಜಿನ್ನಿನಷ್ಟು ದೊಡ್ಡದು. ಸಿಸ್ 12 ಗಂಟೆ 14 ನಿಮಿಷ ಓಡಿಸಿ, ಎರಡನೆಯವನಿಗಿಂತ 32 ನಿಮಿಷ ಮೊದಲು ಮುಗಿಸಿದ. ಗಂಟೆಗೆ ಸರಾಸರಿ ನೂರು ಕಿಲೋಮೀಟರ್ ಮೀರಿತ್ತು.

ಎಲ್ಲಾ ಕಡೆ ಬರೆದಿರುವುದು ಇಷ್ಟೇ. ನನಗೆ ಬೇಕಿದ್ದದ್ದು ಅವನ ಪಕ್ಕ ಕೂತವನ ಹೆಸರು. ಹುಡುಕಿದರೆ ಸಿಕ್ಕಿತು. ಮಾರ್ತೋ. ಫ್ರೆಂಚಿನಲ್ಲಿ ಮಾರ್ತೋ ಅಂದರೆ ಸುತ್ತಿಗೆ. ಮೆಕ್ಯಾನಿಕ್‌ಗೆ ಇದಕ್ಕಿಂತ ಒಳ್ಳೇ ಹೆಸರು ಬೇಕಾ?

ಆ ದಿನ ಮಾರ್ತೋಗೆ ಕೈತುಂಬಾ ಕೆಲಸ. ರಸ್ತೆಯ ಕಲ್ಲಿಗೆ ಟಯರುಗಳು ಒಂದಾದ ಮೇಲೊಂದು ಹೋಗುತ್ತಿದ್ದವು. ಕಾರು ಮುಟ್ಟುವ ಅಧಿಕಾರ ಇದ್ದದ್ದು ಇಬ್ಬರಿಗೇ, ಡ್ರೈವರ್ ಮತ್ತು ಮೆಕ್ಯಾನಿಕ್. ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ಹಳೇ ಪದ್ಧತಿಯಲ್ಲಾದರೆ ಚಕ್ರಕ್ಕೆ ಕಚ್ಚಿಕೊಂಡ ಟಯರನ್ನು ಚಾಕುವಿನಿಂದ ಕೊಯ್ದು ತೆಗೆದು, ಹೊಸದನ್ನು ಲಿವರ್ ಹಾಕಿ ಎಬ್ಬಿ ಕೂರಿಸಿ, ಗಾಳಿ ತುಂಬಬೇಕು. ಕಾಲು ಗಂಟೆಯ ಕೆಲಸ. ರೆನೋ ಮತ್ತು ಇನ್ನು ಒಂದೆರಡು ತಂಡಗಳು ಮಿಶೆಲಿನ್ ಕಂಪನಿಯ ಹೊಸ ಉಪಾಯ ತಂದಿದ್ದವು. ಮೊದಲೇ ಗಾಳಿ ತುಂಬಿದ ಟಯರ್ ಸಮೇತ ರಿಮ್ಮನ್ನೇ ಬಿಚ್ಚಿ ಹಾಕಬಹುದು. ಎಂಟು ನಟ್ಟು, ನಾಲ್ಕು ನಿಮಿಷದೊಳಗೆ ಮುಗಿಯಿತು. ಆದರೆ ಆ ರಿಮ್ಮುಗಳು ಭಾರ, ಕಾರಿನ ತೂಕಕ್ಕೆ 1,000 ಕಿಲೋ ಮಿತಿ ಬೇರೆ ಇತ್ತು. ಹಾಗಾಗಿ ಎಷ್ಟೋ ತಂಡಗಳಿಗೆ ಅದನ್ನು ಹಾಕಿಕೊಳ್ಳಲು ಆಗಲಿಲ್ಲ. ಮೊದಲ ಗ್ರ್ಯಾನ್ ಪ್ರಿ ಗೆದ್ದದ್ದರಲ್ಲಿ ಎಂಜಿನ್ನಿನ ಪಾಲಿಗಿಂತ ಪಂಕ್ಚರ್ ಕೆಲಸದ ಪಾಲು ಜಾಸ್ತಿ ಅನ್ನುವುದು ನನ್ನ ಲೆಕ್ಕ. ಈ ಮಾತು ಹೇಳಿದಾಗ ಮಾವನಿಗೆ ಆದ ಖುಷಿ ನೋಡಬೇಕಿತ್ತು.

ಇಲ್ಲೊಂದು ಅಡ್ಡಮಾತು. ನಮ್ಮಲ್ಲಿ ಹೆಚ್ಚುವರಿ ಚಕ್ರಕ್ಕೆ ಸ್ಟೆಪ್ನಿ ಅನ್ನುತ್ತೇವೆ ಅಲ್ವಾ? ಅದು ಒಂದು ಬೀದಿಯ ಹೆಸರು! ವೇಲ್ಸ್ ದೇಶದ ಲನೆತ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು 1904ರ ಸುಮಾರಿಗೆ ಒಂದು ಚಕ್ರ ಮಾಡಿ ಮಾರಲು ಶುರು ಮಾಡಿದರು. ಗಾಳಿ ತುಂಬಿದ ಟಯರ್ ಇರುವ, ಕಡ್ಡಿಗಳಿಲ್ಲದ ಬರೀ ಬಳೆ. ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಅದನ್ನು ಕ್ಲಾಂಪ್ ಹಾಕಿ ಬಿಗಿದು ಮನೆ ಸೇರಬಹುದಿತ್ತು. ಇಂಗ್ಲಿಷರು ಆ ಹೆಸರನ್ನು ಯಾವತ್ತೋ ಮರೆತರು. ನಮ್ಮ ಪಂಕ್ಚರ್ ಅಂಗಡಿಯವರು ಬಿಡಲಿಲ್ಲ.

ಸಿಸ್ ಬಗ್ಗೆ ಇನ್ನೊಂದು ವಿಷಯ. ಅವನೂ ಮೊದಲು ಎಡಗಡೆ ಕೂತವನೇ. ಕಂಪನಿಯ ಯಜಮಾನ ಲೂಯಿ ರೆನೋ ಸ್ವತಃ ರೇಸ್ ಓಡಿಸುತ್ತಿದ್ದ ಕಾಲದಲ್ಲಿ ಸಿಸ್ ಅವನ ಮೆಕ್ಯಾನಿಕ್. 1902ರ ಪ್ಯಾರಿಸ್–ವಿಯೆನ್ನಾ, 1903ರ ಪ್ಯಾರಿಸ್–ಮ್ಯಾಡ್ರಿಡ್ ಎರಡಕ್ಕೂ ಜೊತೆಗಿದ್ದ. ಎರಡನೆಯದು ಕೆಟ್ಟ ರೇಸ್. ಮೇ 24ರಂದು ಹೊರಟ ಕಾರುಗಳು ಧೂಳಿನಲ್ಲಿ ದಾರಿ ಕಾಣದೆ, ಜನರ ಮೇಲೆ, ಮರಗಳ ಮೇಲೆ ಹೋದವು. ಲೂಯಿ ಬೋರ್ಡೋ ತಲುಪಿ ಇಳಿದಾಗ, ಅಣ್ಣ ಮಾರ್ಸೆಲ್ ರೆನೋನ ಕಾರು ದಾರಿಯಲ್ಲಿ ಬಿದ್ದ ಸುದ್ದಿ ಬಂತು. ಮಾರ್ಸೆಲ್ ಬದುಕಲಿಲ್ಲ. ಲೂಯಿ ಮತ್ತೆ ರೇಸಿಗಿಳಿಯಲಿಲ್ಲ. ಸರ್ಕಾರ ರೇಸನ್ನು ಬೋರ್ಡೋದಲ್ಲೇ ನಿಲ್ಲಿಸಿತು. ಕಾರುಗಳನ್ನು ಕುದುರೆ ಕಟ್ಟಿ ರೈಲ್ವೆ ಸ್ಟೇಷನ್ನಿಗೆ ಎಳೆಸಿದರು. ಅದೇ ದಿನ ಲೊರೇನ್ ಬ್ಯಾರೋ ಎಂಬವನ ಕಾರು ಮರಕ್ಕೆ ಹೊಡೆದು ಅವನ ಮೆಕ್ಯಾನಿಕ್ ಪಿಯರ್ ರೋಡೆಜ್ ಸ್ಥಳದಲ್ಲೇ ಸತ್ತ.

ಪ್ಯಾರಿಸ್–ಮ್ಯಾಡ್ರಿಡ್ ಬಗ್ಗೆ ಬರೆದವರೆಲ್ಲ ಮಾರ್ಸೆಲ್ ರೆನೋ ಬಗ್ಗೆ ಬರೆಯುತ್ತಾರೆ. ರೋಡೆಜ್ ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ.

ಇಂಥ ಸಾಲುಗಳ ನಡುವೆ ನನಗೆ ತುಂಬಾ ಹಿಡಿಸಿದವನು ಎತ್ತೊರೆ ಗ್ವಿತ್ಸಾರ್ದಿ. 1907ರಲ್ಲಿ ಪೀಕಿಂಗಿನಿಂದ (ಈಗಿನ ಬೀಜಿಂಗ್) ಪ್ಯಾರಿಸ್‌ವರೆಗೆ ಕಾರು ಓಡಿಸುವ ಪಂಥ ನಡೆಯಿತು. ಹೊರಟಿದ್ದು ಐದೇ ಗಾಡಿ. ಗೆದ್ದದ್ದು ಇಟಲಿಯ ರಾಜಕುಮಾರ ಶಿಪಿಯೋನೆ ಬೊರ್ಗೇಸೆ, ಇತಾಲಾ ಎಂಬ ಕಾರಿನಲ್ಲಿ. ಜೂನ್ 10ಕ್ಕೆ ಹೊರಟು ಆಗಸ್ಟ್ 10ಕ್ಕೆ ಪ್ಯಾರಿಸ್. ಕಾರಿನಲ್ಲಿ ಮೂರು ಜನ: ರಾಜಕುಮಾರ, ಪತ್ರಕರ್ತ ಲುಯಿಜಿ ಬಾರ್ಜಿನಿ ಮತ್ತು ಮೆಕ್ಯಾನಿಕ್ ಎತ್ತೊರೆ. ಗೋಬಿ ಮರಳುಗಾಡಿಗೆ ಪೆಟ್ರೋಲನ್ನು ಮೊದಲೇ ಒಂಟೆಗಳ ಮೇಲೆ ಕಳಿಸಿದ್ದರು.

ಎತ್ತೊರೆಯ ಅಪ್ಪ ರೈಲು ಎಂಜಿನ್ ಡ್ರೈವರ್. ಬೊರ್ಗೇಸೆ ಮನೆತನದ ಜಮೀನಿನ ಹತ್ತಿರ ಆ ರೈಲು ಉರುಳಿ ಅಪ್ಪ ತೀರಿಕೊಂಡ. ಜೊತೆಗಿದ್ದ ಹುಡುಗ ಉಳಿದ. ರಾಜಕುಮಾರ ಆ ಹುಡುಗನನ್ನು ಮನೆಯಲ್ಲಿಟ್ಟುಕೊಂಡು ವರ್ಕ್‌ಶಾಪಿಗೆ ಕಳಿಸಿ ಕೆಲಸ ಕಲಿಸಿದ. ಪೀಕಿಂಗ್ ದಾರಿಯಲ್ಲಿ ಸ್ಟೀರಿಂಗನ್ನೂ ಬಹಳ ಹೊತ್ತು ಹಿಡಿದವನು ಎತ್ತೊರೆಯೇ.

ರಷ್ಯಾದಲ್ಲಿ ಇತಾಲಾದ ಮರದ ಚಕ್ರವೊಂದು ಒಣಗಿ ಕಿರುಗುಟ್ಟಲು ಶುರುವಾಯಿತು. ಬಿಚ್ಚಿ ನೀರಿನಲ್ಲಿ ನೆನೆಹಾಕಿದರು, ಮರ ಉಬ್ಬಿ ಬಿಗಿಯಾಗಲಿ ಅಂತ. ಇದನ್ನು ಓದಿದಾಗ ಕುರ್ಚಿಯಿಂದ ಎದ್ದು ನಿಂತೆ. ನಮ್ಮ ಅಜ್ಜ ಬೇಸಿಗೆಯಲ್ಲಿ ಗಾಡಿ ಚಕ್ರ ಬಿಚ್ಚಿ ಕೆರೆಯಲ್ಲಿ ಮುಳುಗಿಸಿಡುತ್ತಿದ್ದದ್ದು ಇದಕ್ಕೇ ಅಲ್ವಾ! ಒಣಗಿದ ಅರಗಳು ನೀರು ಕುಡಿದು ಉಬ್ಬಿ ಕಬ್ಬಿಣದ ಪಟ್ಟೆಗೆ ಕಚ್ಚಿಕೊಳ್ಳುತ್ತವೆ. ಇತಾಲಾದ ಚಕ್ರ ಆಮೇಲೆ ಪೂರ್ತಿ ಮುರಿಯಿತು. ಅದನ್ನು ಮತ್ತೆ ಕಟ್ಟಿಕೊಟ್ಟವನು ಒಬ್ಬ ರಷ್ಯನ್ ಹಳ್ಳಿ ಬಡಗಿ, ಕೈಯಲ್ಲಿದ್ದದ್ದು ಕೊಡಲಿ. ಆ ಚಕ್ರದ ಮೇಲೆ ಕಾರು ಮುಂದೆ ಸಾಗಿತು.

ಹಾಗಾದರೆ ಈ ಎಡಗಡೆಯವನು ಎಲ್ಲಿ ಹೋದ?

ಅಮೆರಿಕದಲ್ಲಿ ಅವನ ಜಾಗಕ್ಕೆ ಮೊದಲು ಬಂದದ್ದು ಒಂದು ಕನ್ನಡಿ. 1911ರ ಮೇ 30, ಮೊದಲ ಇಂಡಿಯಾನಾಪೊಲಿಸ್ 500, ಅಂದರೆ 500 ಮೈಲಿಯ ರೇಸ್. ನಲವತ್ತು ಕಾರುಗಳಲ್ಲಿ ರೇ ಹ್ಯಾರೂನ್ ಎಂಬವನ ಹಳದಿ ಮಾರ್ಮನ್ ಕಾರಿನಲ್ಲಿ ಒಂದೇ ಸೀಟು. ಬೇರೆಯವರು ತಕರಾರು ತೆಗೆದರು. ಹಿಂದೆ ಯಾರು ಬರುತ್ತಿದ್ದಾರೆ ಅಂತ ಹೇಳುವವರು ಬೇಡವಾ? ಹ್ಯಾರೂನ್ ಮುಂದೆ ಒಂದು ಕನ್ನಡಿ ಕಟ್ಟಿದ. ಕುದುರೆ ಗಾಡಿಯೊಂದರಲ್ಲಿ ಅಂಥದ್ದನ್ನು ನೋಡಿದ್ದನಂತೆ. ಒಬ್ಬನ ತೂಕ ಕಮ್ಮಿ, ಗಾಳಿಗೆ ಅಡ್ಡ ಕಮ್ಮಿ. ಗಂಟೆಗೆ 74.6 ಮೈಲಿ ಸರಾಸರಿಯಲ್ಲಿ ಗೆದ್ದ. ತಮಾಷೆ ಅಂದರೆ, ಇಟ್ಟಿಗೆ ಹಾಸಿದ ಟ್ರ್ಯಾಕಿನ ಅದುರುವಿಕೆಗೆ ಕನ್ನಡಿಯಲ್ಲಿ ಏನೂ ನೆಟ್ಟಗೆ ಕಾಣಲಿಲ್ಲ ಅಂತ ಆಮೇಲೆ ಅವನೇ ಒಪ್ಪಿಕೊಂಡ.

ಅದೇ ರೇಸಿನಲ್ಲಿ ಸ್ಯಾಮ್ ಡಿಕ್ಸನ್ ಎಂಬ ಮೆಕ್ಯಾನಿಕ್ ಕಾರಿನಿಂದ ಹೊರಗೆ ಎಸೆಯಲ್ಪಟ್ಟು ಸತ್ತ. ಡ್ರೈವರ್ ಬದುಕಿದ. ಆದರೂ ಮುಂದಿನ ವರ್ಷ ಅಲ್ಲಿ ನಿಯಮ ಬದಲಾದದ್ದು ಉಲ್ಟಾ. ಪ್ರತಿ ಕಾರಿನಲ್ಲೂ ಮೆಕ್ಯಾನಿಕ್ ಕಡ್ಡಾಯ! ಆ 1912ರಲ್ಲಿ ರಾಲ್ಫ್ ಡಿ ಪಾಮಾ 200 ಸುತ್ತಿನಲ್ಲಿ 196 ಸುತ್ತು ಮುಂದಿದ್ದ. ಕೊನೆಗೆ ಮರ್ಸಿಡಿಸ್‌ನ ಎಂಜಿನ್ ಕೈಕೊಟ್ಟಿತು. ಅವನೂ ಅವನ ಮೆಕ್ಯಾನಿಕ್ ರುಪರ್ಟ್ ಜೆಫ್ಕಿನ್ಸನೂ ಇಳಿದು ಕಾರನ್ನು ತಳ್ಳಿಕೊಂಡು ಬಂದರು. ಆ ಫೋಟೋ ಈಗಲೂ ಸಿಗುತ್ತದೆ. ಮಾವನಿಗೆ ಕಳಿಸಿದೆ. "ನಾವು ಕೊಟ್ಟಿಗೆಹಾರದಲ್ಲಿ ತಳ್ಳಿದ್ ಹಂಗೇ ಐತೆ" ಅಂದರು.

ಯುರೋಪಿನಲ್ಲಿ ಕೊನೆ ಬಂದದ್ದು 1924ರ ನಂತರ. ಆ ವರ್ಷದ ಸೆಪ್ಟೆಂಬರಿನಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ ರೇಸಿನಲ್ಲಿ ಕೆನೆಲ್ಮ್ ಲೀ ಗಿನ್ನೆಸ್‌ನ ಸನ್‌ಬೀಮ್ ಕಾರು ಮಗುಚಿತು. ಗಿನ್ನೆಸ್ ಗಾಯಗೊಂಡು ಉಳಿದ, ಮತ್ತೆ ರೇಸ್ ಓಡಿಸಲಿಲ್ಲ. ಪಕ್ಕದಲ್ಲಿದ್ದ ಟಾಮ್ ಬ್ಯಾರೆಟ್ ಸತ್ತ. 1925ರಿಂದ ಗ್ರ್ಯಾನ್ ಪ್ರಿ ಕಾರುಗಳಲ್ಲಿ ಮೆಕ್ಯಾನಿಕ್ ಕೂರುವ ಹಾಗಿಲ್ಲ ಅಂತಾಯಿತು.

ಆದರೆ ಕಾರಿನ ಮೈ ಮಾತ್ರ ಎರಡು ಸೀಟಿನ ಅಗಲವೇ ಇರಬೇಕು ಅಂತ ನಿಯಮ ಉಳಿಯಿತು. ಆ ವರ್ಷದ ರೇಸ್ ಫೋಟೋಗಳನ್ನು ನೋಡಿದರೆ ಒಂಥರಾ ಆಗುತ್ತದೆ. ಡ್ರೈವರ್ ಒಂದು ಪಕ್ಕಕ್ಕೆ ಒತ್ತಿಕೊಂಡು ಕೂತಿದ್ದಾನೆ, ಇನ್ನೊಂದು ಪಕ್ಕ ಖಾಲಿ. ಇಟಲಿಯ ಡ್ರೈವರ್ ಆಂಟೋನಿಯೊ ಅಸ್ಕಾರಿ 1925ರ ಜುಲೈನಲ್ಲಿ ಫ್ರಾನ್ಸಿನ ಮೋಂಟ್ಲೇರಿ ಟ್ರ್ಯಾಕಿನಲ್ಲಿ ಸತ್ತಾಗ ಕಾರಿನಲ್ಲಿ ಒಬ್ಬನೇ ಇದ್ದ. ಒಂದು ಜೀವ ಉಳಿಯಿತಲ್ಲ ಅಂತ ಒಂದು ಮನಸ್ಸು ಹೇಳುತ್ತದೆ. ನಿಯಮ ಸರಿಯಾದದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಸಿಸ್‌ನಂಥವರು ಕೆಲಸ ಕಲಿತು ಬಲಗಡೆಗೆ ಸರಿದದ್ದು ಆ ಸೀಟಿನಿಂದಲೇ. 1908ರಲ್ಲೂ 1914ರಲ್ಲೂ ಫ್ರೆಂಚ್ ಗ್ರ್ಯಾನ್ ಪ್ರಿ ಗೆದ್ದ ಲಾಟೆನ್‌ಶ್ಲಾಗರ್ ಕೂಡ ಮೊದಲು ಒಟ್ಟೊ ಸಾಲ್ಸರ್ ಎಂಬ ಡ್ರೈವರನ ಪಕ್ಕ ಕೂತ ಮೆಕ್ಯಾನಿಕ್. ದುಡ್ಡಿಲ್ಲದವನಿಗೆ ರೇಸ್ ಕಾರಿನೊಳಗೆ ಹೋಗಲು ಇದ್ದ ಬಾಗಿಲು ಅದು. ಮಾವ ಸ್ಟೀರಿಂಗ್ ಹಿಡಿದದ್ದೂ ಹಾಗೇ. ಘಾಟಿ ಇಳಿದ ಮೇಲೆ, ರಾತ್ರಿ, ಡ್ರೈವರ್ ಸಾಬ್ರಿಗೆ ನಿದ್ದೆ ಬಂದಾಗ, "ಹಿಡ್ಕೋ ಮಗಾ" ಅಂತ ಕೊಟ್ಟಿದ್ದು.

ಬಾಸೆಲ್ ಬಿಡುವ ಮುಂಚೆ ಇನ್ನೊಂದು ಸಲ ಮುಲೂಸ್‌ಗೆ ಹೋದೆ. ಈ ಸಲ ಮ್ಯೂಸಿಯಮ್ಮಿನ ಕಥೆಯೂ ಗೊತ್ತಿತ್ತು. ಗಿರಣಿ ಮಾಲೀಕರಾದ ಶ್ಲುಂಪ್ಫ್ ಅಣ್ಣತಮ್ಮಂದಿರು ಗುಟ್ಟಾಗಿ ಕಾರು ಕೂಡಿಸಿದ್ದರು. ಪ್ಯಾರಿಸಿನ ಸೇತುವೆಯೊಂದರ ದೀಪದ ಕಂಬಗಳ ನಕಲನ್ನೇ ನೂರಾರು ಮಾಡಿಸಿ ಒಳಗೆ ನಿಲ್ಲಿಸಿದ್ದರು. ಗಿರಣಿಗಳು ಮುಳುಗಿ ಕಾರ್ಮಿಕರಿಗೆ ಕೆಲಸ ಹೋಯಿತು. ಮಾಲೀಕರು ಗಡಿ ದಾಟಿ ಬಾಸೆಲ್‌ಗೆ ಓಡಿದರು. 1977ರ ಮಾರ್ಚಿನಲ್ಲಿ ಕಾರ್ಮಿಕರು ಈ ಕಟ್ಟಡಕ್ಕೆ ನುಗ್ಗಿದಾಗ ಕಂಡದ್ದು ಸಾಲುಸಾಲು ಬುಗಾಟಿ. ಸುಮಾರು ಎರಡು ವರ್ಷ ಅವರೇ ಅದನ್ನು ಹಿಡಿದುಕೊಂಡು ಜನರಿಗೆ ತೋರಿಸಿದರು. ಮ್ಯೂಸಿಯಂ ಆಗಿ ಬಾಗಿಲು ತೆರೆದದ್ದು 1982ರಲ್ಲಿ. ಆ ದೀಪದ ಕಂಬಗಳ ಕೆಳಗೆ ಟೈಪ್ 35 ಮುಂದೆ ಮತ್ತೆ ನಿಂತೆ. ಈ ಸಲ ಎಡಗಡೆಯ ಸೀಟಿನ ಫೋಟೋ ಮಾತ್ರ ತೆಗೆದೆ.

ಊರಿಗೆ ಬಂದ ಮೇಲೆ ಮಾವನ ಮನೆಗೆ ಹೋಗಿದ್ದೆ. ಎಲ್ಲಾ ಕಥೆ ಹೇಳಿದೆ, ಫೋಟೋ ತೋರಿಸಿದೆ. ಕೈ ಪಂಪನ್ನು ದೊಡ್ಡದು ಮಾಡಿ ನೋಡಿದರು. "ಕೈ ಬೊಬ್ಬೆ ಬಂದಿರ್ತದೆ" ಅಂದರು, ಅಷ್ಟೇ. ಹೊರಡುವಾಗ ಅಂಗಳದಿಂದ ಕಾರು ಹಿಂದಕ್ಕೆ ತೆಗೆಯಬೇಕಿತ್ತು. ನನ್ನ ಕಾರಿಗೆ ಹಿಂದೆ ಕ್ಯಾಮೆರಾ ಇದೆ, ಹತ್ತಿರ ಏನಾದರೂ ಬಂದರೆ ಕೂಗುತ್ತದೆ. ಮಾವ ಅದನ್ನೆಲ್ಲಾ ಕೇಳಲಿಲ್ಲ. ಪಂಚೆ ಎತ್ತಿ ಕಟ್ಟಿ ಹಿಂದೆ ಹೋಗಿ ನಿಂತರು.

"ಬರ್ಲಿ... ಬರ್ಲಿ... ಬರ್ಲಿ..."

ಸ್ಕ್ರೀನಿನಲ್ಲಿ ಅವರ ಕಾಲು ಮಾತ್ರ ಕಾಣುತ್ತಿತ್ತು. ಡಬ್ ಅಂತ ಒಂದೇ ಪೆಟ್ಟು ಬಿತ್ತು. ಬ್ರೇಕ್ ಹಾಕಿದೆ. ಕ್ಯಾಮೆರಾ ಕೂಗಿರಲೇ ಇಲ್ಲ. ಇಳಿದು ಹೋಗಿ ನೋಡಿದರೆ ಎಡಗಡೆ ಚಕ್ರಕ್ಕೂ ಚರಂಡಿಗೂ ಮಧ್ಯೆ ಒಂದು ಗೇಣು ಜಾಗ ಇತ್ತು. ಮಾವ ಆಗಲೇ ಬಗ್ಗಿ ಟಯರಿಗೆ ಕಲ್ಲು ಕೊಡುತ್ತಿದ್ದರು.